ಮಗನಿಗೆ ಓದು ಕಷ್ಟ, ಮಗಳಿಗೆ ಕೂರುವುದು ಕಷ್ಟ: ಇಬ್ಬರಿಗೂ ಮನೆಯಲ್ಲೇ ಪಾಠ ಹೊಂದಿಸುವುದು ಹೇಗೆ? (ದಾವಣಗೆರೆ)

ವಿದ್ಯಾನಗರ_ಅಮ್ಮ:

ಎಲ್ಲರಿಗೂ ನಮಸ್ಕಾರ. ಮಗನಿಗೆ ಹತ್ತು ವರ್ಷ. ಓದು-ಬರಹದಲ್ಲಿ ಡಿಸ್ಲೆಕ್ಸಿಯಾ ಎಂದು ಸೈಕಾಲಜಿಸ್ಟ್ ರಿಪೋರ್ಟ್ ಇದೆ. ಬಿಡಿ ಅಕ್ಷರ ಗುರುತಿಸುತ್ತಾನೆ, ಕಾಗುಣಿತದಲ್ಲಿ ದೀರ್ಘ ತಪ್ಪುತ್ತಾನೆ, ಒತ್ತಕ್ಷರ ಬಂದರೆ ನಿಂತೇಬಿಡುತ್ತಾನೆ. ಬಾಯಲ್ಲಿ ಕೇಳಿದರೆ ವಿಜ್ಞಾನ, ಲೆಕ್ಕ ಎಲ್ಲ ಹೇಳುತ್ತಾನೆ. ಮಗಳಿಗೆ ಏಳು. ಓದು ನೀರು ಕುಡಿದಷ್ಟು ಸಲೀಸು, ಅಣ್ಣನ ಪುಸ್ತಕವನ್ನೂ ಓದುತ್ತಾಳೆ. ಆದರೆ ಹತ್ತು ನಿಮಿಷ ಒಂದೆಡೆ ಕೂರುವುದಿಲ್ಲ, ಬರವಣಿಗೆ ಅರ್ಧಕ್ಕೇ ಬಿಟ್ಟು ಏಳುತ್ತಾಳೆ. ಎಡಿಎಚ್‌ಡಿ ಎಂದಿದ್ದಾರೆ.

ಈ ಜೂನ್‌ನಿಂದ ಇಬ್ಬರಿಗೂ ಮನೆಯಲ್ಲೇ ಪಾಠ. ಕಲಿಸುವವಳು ನಾನೊಬ್ಬಳೇ. ಬೆಳಗ್ಗೆ 9.30ರಿಂದ 12.30, ಸಂಜೆ ಒಂದು ಗಂಟೆ ಸಿಗುತ್ತದೆ. ಯಾವುದನ್ನು ಇಬ್ಬರಿಗೂ ಒಟ್ಟಿಗೆ ಹೇಳಿಕೊಡಬಹುದು, ಯಾವುದನ್ನು ಬೇರೆ ಮಾಡಲೇಬೇಕು? ಅವನು ತಡವರಿಸುವಾಗ ಇವಳು ಪಕ್ಕದಿಂದ ಪದ ಹೇಳಿಬಿಡುತ್ತಾಳೆ, ಅವನು ಪುಸ್ತಕ ಮುಚ್ಚಿ ಎದ್ದುಹೋಗುತ್ತಾನೆ. ಅದಕ್ಕೇನು ದಾರಿ? ಮುಂದೆ ಹತ್ತನೇ ಕ್ಲಾಸಿನ ಪರೀಕ್ಷೆಗೆ ಈಗಿನಿಂದ ಯಾವ ಕಾಗದ ಇಟ್ಟುಕೊಳ್ಳಬೇಕು?

"ಶಾಲೆಗೇ ಹಾಕಿ" ಎಂಬ ಸಲಹೆ ದಯವಿಟ್ಟು ಬೇಡ. ಯೋಚಿಸಿಯೇ ತೀರ್ಮಾನ ಮಾಡಿದ್ದೇವೆ.

ದುರ್ಗದ_ಟೀಚರ್:

ಮೇಡಂ, ವಯಸ್ಸು, ಕ್ಲಾಸು ನೋಡಿ ಪಾಠ ಹಂಚಬೇಡಿ. ಕೇಳಿ ತಿಳಿಯುವುದು, ಕೈಯಾರೆ ಮಾಡಿ ತಿಳಿಯುವುದು ಇಬ್ಬರಿಗೂ ಒಟ್ಟಿಗೆ ಇರಲಿ. ಓದು, ಬರಹ, ಲೆಕ್ಕದ ಹೊಸ ಪಾಠ ಮಾತ್ರ ಒಬ್ಬೊಬ್ಬರಿಗೇ. ಪರಿಸರ, ಸಮಾಜ, ವಿಜ್ಞಾನ, ಕತೆ ಎಲ್ಲ ಮೊದಲ ಗುಂಪಿಗೆ ಬರುತ್ತವೆ. ಹಾಗೆ ನೋಡಿದರೆ ನಿಮ್ಮ ಅರ್ಧ ದಿನ ಒಟ್ಟಿಗೇ ಕಳೆಯುತ್ತದೆ.

ನಿಮ್ಮ ಮೂರು ಗಂಟೆಯನ್ನು ಹೀಗೆ ಕತ್ತರಿಸಿ ನೋಡಿ. 9.30ಕ್ಕೆ ಇಪ್ಪತ್ತು ನಿಮಿಷ ನೀವೇ ಗಟ್ಟಿಯಾಗಿ ಓದಿ ಹೇಳಿ, ಇಬ್ಬರೂ ಕೇಳಲಿ. ಪುಸ್ತಕ ಮಗನ ಬುದ್ಧಿಯ ಮಟ್ಟದ್ದಿರಲಿ, ಓದಿನ ಮಟ್ಟದ್ದಲ್ಲ. ಎರಡನೇ ಕ್ಲಾಸಿನ ಪುಸ್ತಕವಷ್ಟೇ ಕೈಗೆ ಸಿಕ್ಕರೆ ಹತ್ತು ವರ್ಷದ ಹುಡುಗನ ಶಬ್ದಭಂಡಾರ ಅಲ್ಲೇ ನಿಂತುಬಿಡುತ್ತದೆ. 9.50ಕ್ಕೆ ಮಗನ ಓದು ಇಪ್ಪತ್ತು ನಿಮಿಷ, ಆ ಹೊತ್ತಿಗೆ ಮಗಳು ಹಿತ್ತಲಲ್ಲೋ ಟೆರೇಸ್ ಮೇಲೋ ಮೈ ದಣಿಯುವ ಕೆಲಸದಲ್ಲಿರಲಿ. 10.10ಕ್ಕೆ ಮಗಳ ಬರವಣಿಗೆ ಹತ್ತು ನಿಮಿಷ, ಮಗ ಇಯರ್‌ಫೋನ್ ಹಾಕಿಕೊಂಡು ಪಾಠ ಕೇಳಲಿ. ಆಮೇಲೆ ಇಪ್ಪತ್ತು ನಿಮಿಷ ತಿಂಡಿ, ಆಟ. 10.40ರಿಂದ ಲೆಕ್ಕ, ಒಬ್ಬರಾದ ಮೇಲೆ ಒಬ್ಬರು. 11.30ರಿಂದ ಮುಕ್ಕಾಲು ಗಂಟೆ ಇಬ್ಬರಿಗೂ ಸೇರಿ ಒಂದೇ ವಿಷಯ. ಉಳಿದ ಹದಿನೈದು ನಿಮಿಷ ಯಾವುದಾದರೂ ಉದ್ದವಾದಾಗ ನುಂಗಿಹೋಗುತ್ತದೆ, ಅದಕ್ಕೆ ಏನನ್ನೂ ಇಡಬೇಡಿ. ಸಂಜೆ ಮಗನಿಗೆ ಇನ್ನೊಂದು ಹದಿನೈದು ನಿಮಿಷ ಓದು. ದಿನಕ್ಕೆ ಎರಡು ಸಲ ಸ್ವಲ್ಪ ಸ್ವಲ್ಪ ಓದಿದ್ದು ಒಂದೇ ಸಲದ ಮುಕ್ಕಾಲು ಗಂಟೆಗಿಂತ ಚೆನ್ನಾಗಿ ಹತ್ತುತ್ತದೆ.

ಪಕ್ಕದಿಂದ ಉತ್ತರ ಹೇಳುವುದು ಬುದ್ಧಿಮಾತಿಗೆ ನಿಲ್ಲುವುದಿಲ್ಲ. ಎಡಿಎಚ್‌ಡಿ ಇರುವ ಮಗುವಿಗೆ ಬಾಯಿಗೆ ಬಂದದ್ದನ್ನು ತಡೆಹಿಡಿಯುವುದೇ ಕಷ್ಟ. ಆ ಇಪ್ಪತ್ತು ನಿಮಿಷ ಅವಳು ಕಿವಿಗೆ ಬೀಳುವಷ್ಟು ದೂರದಲ್ಲೂ ಇರಬಾರದು, ಅಷ್ಟೇ. ಇನ್ನೊಂದು ಎಚ್ಚರಿಕೆ: ತಂಗಿ ಚೆನ್ನಾಗಿ ಓದುತ್ತಾಳೆಂದು ಅವಳನ್ನು ಅಣ್ಣನ ಟೀಚರ್ ಮಾಡಬೇಡಿ. ಸುಲಭದ ದಾರಿಯಂತೆ ಕಾಣುತ್ತದೆ, ಸಂಬಂಧ ಕೆಡಿಸುತ್ತದೆ.

ಇನ್ನು ಓದು ಕಲಿಸುವ ಕ್ರಮ. ಕನ್ನಡದಲ್ಲಿ ಡಿಸ್ಲೆಕ್ಸಿಯಾ ಹೆಚ್ಚಾಗಿ ನಿಧಾನದ ರೂಪದಲ್ಲಿ ಕಾಣಿಸುತ್ತದೆ. ಬರೆದಂತೆಯೇ ಓದುವ ಲಿಪಿಯಾದ್ದರಿಂದ ಮಗು ತಡವಾಗಿಯಾದರೂ ಸರಿಯಾಗಿ ಓದಬಹುದು, ಆದರೆ ಸಾಲಿನ ಕೊನೆಗೆ ಬರುವಷ್ಟರಲ್ಲಿ ಮೊದಲ ಪದ ಮರೆತಿರುತ್ತದೆ. ಜೊತೆಗೆ ಕಲಿಯಬೇಕಾದ ಆಕಾರಗಳೇ ನೂರಾರು. ವರ್ಣಮಾಲೆ ನಲವತ್ತೊಂಬತ್ತಕ್ಕೆ ಮುಗಿದರೂ ಗುಣಿತ, ಒತ್ತು ಸೇರಿದರೆ ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ಅದಕ್ಕೇ "ಅ ಆ ಇ ಈ"ಯಿಂದ ಮತ್ತೆ ಶುರುಮಾಡಬೇಡಿ, ಎಡವುವ ಜಾಗ ಹುಡುಕಿ.

ಹ್ರಸ್ವ-ದೀರ್ಘಕ್ಕೆ ಜೋಡಿಪದ ಬಳಸಿ: ಹಳೆ–ಹಾಳೆ, ಬಿಡಿ–ಬೀಡಿ, ಕೆರೆ–ಕೇರೆ, ಕೊಡು–ಕೋಡು. ಮೊದಲು ಪುಸ್ತಕ ಬೇಡ, ಕಿವಿಗೆ ಮಾತ್ರ. ನೀವು ಹೇಳಿ, ಹ್ರಸ್ವಕ್ಕೆ ಅವನು ಮೇಜಿನ ಮೇಲೆ ಒಂದು ಬೆರಳು ತಟ್ಟಲಿ, ದೀರ್ಘಕ್ಕೆ ಅಂಗೈಯನ್ನು ಎಳೆಯಲಿ. ಕಿವಿ ಹತ್ತಕ್ಕೆ ಒಂಬತ್ತು ಹಿಡಿದ ಮೇಲೆ ಅಕ್ಷರದ ಚೀಟಿ ಕೊಡಿ. ಕಿವಿಗೇ ವ್ಯತ್ಯಾಸ ಗೊತ್ತಾಗದ ಮಗುವಿಗೆ ಕಾಗುಣಿತವನ್ನು ಐವತ್ತು ಸಲ ಬರೆಸಿದರೆ ಕೈ ನೋಯುತ್ತದೆ, ಬೇರೇನೂ ಆಗುವುದಿಲ್ಲ.

ಒತ್ತಕ್ಷರಕ್ಕೆ ಮೂರು ಮೆಟ್ಟಿಲು. ಮೊದಲನೆಯದು ತಲಕಟ್ಟು ಕಳಚಿ ಕೆಳಗಿಟ್ಟಂತೆ ಕಾಣುವ ಒತ್ತುಗಳು: ಹಗ್ಗ, ದೊಡ್ಡ, ಬೆಣ್ಣೆ, ಹಬ್ಬ, ಅಪ್ಪ. ಎರಡನೆಯದು ಆಕಾರವೇ ಬದಲಾಗುವ ಆರು: ತ, ನ, ಮ, ಯ, ರ, ಲ. ಹತ್ತು, ಅನ್ನ, ಅಮ್ಮ, ಅಯ್ಯ, ಚಕ್ರ, ಕಲ್ಲು ಎಂಬ ಆರೇ ಪದಗಳನ್ನು ಗೋಡೆಗೆ ಅಂಟಿಸಿ, ವಾರಕ್ಕೆ ಎರಡರಂತೆ ಹಿಡಿಯಿರಿ. ("ಅಮ್ಮ"ದಿಂದಲೇ ಒತ್ತು ಶುರುಮಾಡುವುದು ರೂಢಿ. ಮಕ್ಕಳು ಆ ಪದವನ್ನು ಚಿತ್ರದಂತೆ ಗುರುತಿಟ್ಟುಕೊಳ್ಳುತ್ತಾರೆ, ಒತ್ತು ಕಲಿತಿರುವುದಿಲ್ಲ.) ಮೂರನೆಯದು ಬೇರೆ ಅಕ್ಷರದ ಒತ್ತು: ರಸ್ತೆ, ಪುಸ್ತಕ, ಅಕ್ಷರ. ಅರ್ಕಾವೊತ್ತು ಎಲ್ಲಕ್ಕಿಂತ ಕೊನೆಗೆ. ದುರ್ಗ, ಮಿರ್ಚಿ ಎನ್ನುವಾಗ ಕಿವಿಗೆ "ರ್" ಮೊದಲು ಬೀಳುತ್ತದೆ, ಬರೆಯುವಾಗ ಅದು ಮುಂದಿನ ಅಕ್ಷರ ದಾಟಿ ಆಚೆ ಕೂರುತ್ತದೆ. ಮಗು "ದುರಗ" ಎಂದು ಬರೆದರೆ ಅಜಾಗರೂಕತೆ ಅಲ್ಲ, ಕೇಳಿದ ಸಾಲಿನಲ್ಲೇ ಬರೆದಿದೆ.

ಒಂದು ಪಾಠದ ಒಳಗೆ ಹೀಗೆ ನಡೆಯಲಿ. ಹತ್ತು ಚೀಟಿ, ಏಳು ಬರುವವು, ಮೂರು ಹೊಸವು. ಪದ ಹೇಳಿ ಚಪ್ಪಾಳೆ ತಟ್ಟಿ ಅಕ್ಷರ ಬಿಡಿಸುವುದು: ಮಂ-ಡ-ಕ್ಕಿ. ಕೊನೆಯದನ್ನು ಇನ್ನೂ ಬಿಡಿಸುವುದು: ಕ್, ಕ್, ಇ. ಚೀಟಿ ಜೋಡಿಸಿ ಪದ ಕಟ್ಟುವುದು. ತಟ್ಟೆಯಲ್ಲಿ ರಂಗೋಲಿ ಪುಡಿ ಹರಡಿ, ಬಾಯಲ್ಲಿ ಹೇಳುತ್ತಾ ಬೆರಳಲ್ಲಿ ಬರೆಯುವುದು. ಬಾಯಿ ಮುಚ್ಚಿಕೊಂಡು ತಿದ್ದಿದರೆ ಅರ್ಧ ಲಾಭ ಹೋಯಿತು. ಆಮೇಲೆ ಎಂಟು ಪದದ ಉಕ್ತಲೇಖನ, ಐದು ಹಳೆಯದು, ಮೂರು ಹೊಸದು. ತಪ್ಪಾದರೆ ಕೆಂಪು ಶಾಯಿ ಬೇಡ, ಅದೇ ಪದವನ್ನು ಚೀಟಿಯಲ್ಲಿ ಮತ್ತೆ ಕಟ್ಟಿಸಿ.

ವೇಗಕ್ಕೆ ಅರವತ್ತರಿಂದ ಎಂಬತ್ತು ಪದದ ಒಂದೇ ಗದ್ಯವನ್ನು ನಾಲ್ಕು ದಿನ ಓದಿಸಿ. ಮೊದಲ ದಿನ ನೀವು ಓದಿ ತೋರಿಸಿ, ಎರಡನೇ ದಿನ ಇಬ್ಬರೂ ಕೂಡಿ, ಆಮೇಲೆ ಅವನೊಬ್ಬನೇ. ಒಂದು ನಿಮಿಷಕ್ಕೆ ಎಷ್ಟು ಪದ ಸರಿಯಾಗಿ ಬಂತು ಎಂದು ಗ್ರಾಫ್ ಹಾಳೆಯಲ್ಲಿ ಅವನೇ ಚುಕ್ಕಿ ಇಡಲಿ. ಪ್ರಿಂಟ್ ತೆಗೆಸುವುದಾದರೆ ಅಕ್ಷರದ ಅಳತೆ 16ರಿಂದ 18, ಸಾಲಿನ ನಡುವೆ ಒಂದೂವರೆ ಪಟ್ಟು ಜಾಗ. ಬಣ್ಣದ ಪ್ಲಾಸ್ಟಿಕ್ ಹಾಳೆ, ಬಣ್ಣದ ಕನ್ನಡಕ ಎಂದು ಯಾರಾದರೂ ಮಾರಲು ಬಂದರೆ ದುಡ್ಡು ಉಳಿಸಿ, ಅದರಿಂದ ಓದು ಸುಧಾರಿಸುತ್ತದೆಂಬುದಕ್ಕೆ ಗಟ್ಟಿ ಆಧಾರವಿಲ್ಲ.

ಹೊಳಲ್ಕೆರೆ_ಥೆರಪಿ:

ಟೀಚರ್ ಮಗನದ್ದು ಪೂರ್ತಿ ಹೇಳಿದ್ದಾರೆ, ನಾನು ಮಗಳ ಬಗ್ಗೆ ಬರೀತೀನಿ.

ಅಕ್ಕಾ, ಕೂರಿಸೋದೇ ಗುರಿ ಅಂತ ಇಟ್ಕೋಬೇಡಿ. ಕೆಲಸ ಮುಗಿಸೋದು ಗುರಿ. ನಿಂತು ಬರೀಲಿ, ಮಲಗಿ ಓದಲಿ. ಗೋಡೆಗೆ ಅವಳ ಎದೆಯೆತ್ತರಕ್ಕೆ ಒಂದು ಸ್ಲೇಟ್ ಬೋರ್ಡ್ ಹೊಡೆಸಿ. ನಿಂತು ಬರೆದಾಗ ಭುಜ, ಮಣಿಕಟ್ಟು ಎರಡೂ ಗಟ್ಟಿಯಾಗ್ತವೆ, ಕಾಲು ಆಡಿಸೋಕೂ ಜಾಗ ಇರುತ್ತೆ.

ಬರವಣಿಗೆಗೆ ಮುಂಚೆ ಐದಾರು ನಿಮಿಷ ಭಾರದ ಕೆಲಸ ಕೊಡಿ: ಅರ್ಧ ಬಕೆಟ್ ನೀರು ಗಿಡದ ತನಕ ಎರಡು ಸಲ, ಗೋಡೆ ತಳ್ಳೋದು ಹತ್ತು ಸಲ, ಹಗ್ಗದಾಟ ಐವತ್ತು, ಇಲ್ಲ ಕುಂಟೆಬಿಲ್ಲೆ ಎರಡು ಸುತ್ತು. ಸುಮ್ಮನೆ ಓಡಾಡಿ ಬಾ ಅಂತ ಬಿಟ್ರೆ ಇನ್ನೂ ಕೆರಳಿ ಬರ್ತಾಳೆ. ಎಣಿಕೆ ಇರೋ, ಮುಕ್ತಾಯ ಇರೋ ಕೆಲಸ ಆಗಬೇಕು.

ಟೈಮರ್ ಎಂಟು ನಿಮಿಷಕ್ಕೆ ಇಡಿ. ಮೊಬೈಲ್ ಟೈಮರ್ ಬೇಡ, ಅಡುಗೆಮನೆಯ ತಿರುಗಿಸೋ ಟೈಮರ್ ಇರಲಿ, ಉಳಿದ ಹೊತ್ತು ಕಣ್ಣಿಗೆ ಕಾಣಬೇಕು. ವಾರದ ಐದು ದಿನದಲ್ಲಿ ನಾಲ್ಕು ದಿನ ಮುಗಿಸಿದ್ರೆ ಮುಂದಿನ ವಾರ ಒಂದು ನಿಮಿಷ ಏರಿಸಿ. ಚೆನ್ನಾಗಿ ಹೋಗ್ತಿದೆ ಅಂತ ಅದೇ ದಿನ ಹದಿನೈದಕ್ಕೆ ಎಳೆದ್ರೆ ನಾಳೆ ಎಂಟಕ್ಕೂ ಬರಲ್ಲ. ಪುಟ ಮಡಚಿ ನಾಲ್ಕೇ ಸಾಲು ಕಾಣೋ ಹಾಗೆ ಕೊಡಿ. ಮಾತು ಒಂದು ಸಲಕ್ಕೆ ಒಂದೇ, ಹತ್ತಿರ ಹೋಗಿ ಹೆಸರು ಹಿಡಿದು ಹೇಳಿ, ಅವಳಿಂದ ತಿರುಗಿ ಹೇಳಿಸಿ. ಅಡುಗೆಮನೆಯಿಂದ ಕೂಗಿದ್ದು ಲೆಕ್ಕಕ್ಕಿಲ್ಲ.

ಬಹುಮಾನ ತಕ್ಷಣ ಕೊಡಬೇಕು. "ಭಾನುವಾರ ಗ್ಲಾಸ್ ಹೌಸ್‌ಗೆ ಕರ್ಕೊಂಡು ಹೋಗ್ತೀನಿ" ಅನ್ನೋದು ಅವಳ ಪಾಲಿಗೆ ಬಹಳ ದೂರ. ಕೆಲಸ ಮುಗಿದ ಕೂಡಲೇ ಡಬ್ಬಿಗೆ ಒಂದು ಹುಣಸೆಬೀಜ, ಐದಾದ್ರೆ ಒಂದಾಟ ಚೌಕಾಬಾರ. ಆಟದಲ್ಲೇ ಸರದಿ ಕಾಯೋದೂ ಬರುತ್ತೆ. ಗಲಾಟೆ ಮಾಡಿದಳು ಅಂತ ಗಳಿಸಿದ ಬೀಜ ಕಿತ್ಕೋಬೇಡಿ. ಎರಡು ಮೂರು ವಾರಕ್ಕೆ ಈ ಆಸೆ ಮಂಕಾಗುತ್ತೆ, ಆಗ ಆಟ ಬದಲಿಸಿ.

ಇನ್ನೆರಡು ವಿಷಯ. ಓದು ಸಲೀಸು ಅಂದ್ರಿ, ಪುಟ ಮುಗಿದ ಮೇಲೆ "ಅವನು ಯಾಕೆ ಹಾಗೆ ಮಾಡಿದ?" ಅಂತ ಕೇಳಿ ನೋಡಿ. ಕಣ್ಣು ಸಾಲಿನ ಮೇಲೆ ಹಾರ್ಕೊಂಡು ಹೋಗಿ ಅರ್ಥ ಅಲ್ಲೇ ಬಿಟ್ಟಿರೋದು ಇಂಥ ಮಕ್ಕಳಲ್ಲಿ ಸಾಮಾನ್ಯ. ಮತ್ತೆ ನಿದ್ದೆ: ಈ ವಯಸ್ಸಿಗೆ ರಾತ್ರಿ ಒಂಬತ್ತು ಗಂಟೆಗಿಂತ ಕಡಿಮೆ ಆದ್ರೆ ಮೇಲೆ ಹೇಳಿದ್ದು ಯಾವುದೂ ನಿಲ್ಲಲ್ಲ. ಸಕ್ಕರೆ ಬಿಡಿಸಿ ಅಂತ ಹತ್ತು ಜನ ಹೇಳ್ತಾರೆ, ಎಡಿಎಚ್‌ಡಿಗೂ ಸಕ್ಕರೆಗೂ ಸಂಬಂಧ ಇಲ್ಲ, ಹಲ್ಲಿನ ಸಲುವಾಗಿ ಬೇಕಾದ್ರೆ ಬಿಡಿಸಿ. ಔಷಧಿ ಬೇಕೋ ಬೇಡವೋ ಅನ್ನೋದು ಮಕ್ಕಳ ಡಾಕ್ಟರ್ ಇಲ್ಲ ಮನೋವೈದ್ಯರ ಹತ್ತಿರ ಮಾತಾಡೋ ವಿಷಯ, ಇಲ್ಲಿ ಯಾರೇ ಹೇಳಿದ್ರೂ ಕಿವಿಗೆ ಹಾಕ್ಕೋಬೇಡಿ. ಇಬ್ಬರಿಗೂ ಕಣ್ಣು, ಕಿವಿ ಟೆಸ್ಟ್ ಆಗಿಲ್ಲದಿದ್ರೆ ಮೊದಲು ಅದು.

ಲೆಕ್ಕದ_ಮೇಷ್ಟ್ರು:

ನೋಡ್ರಿ ಮೇಡಂ, ಲೆಕ್ಕ ಇಬ್ಬರಿಗೂ ಒಂದೇ ಸಾಮಾನಿನಾಗ ಹೇಳಬಹುದು, ಪ್ರಶ್ನೆ ಅಷ್ಟೇ ಬ್ಯಾರೆ. ಐಸ್‌ಕ್ರೀಂ ಕಡ್ಡಿ ಇನ್ನೂರು ತಗೊಳ್ರಿ, ಹತ್ತತ್ತಕ್ಕೆ ರಬ್ಬರ್ ಬ್ಯಾಂಡ್. ಮಗಳಿಗೆ 42ರಾಗ 17 ಕಳಿಯೋದು ಕೊಟ್ರಿ ಅಂದ್ಕೊಳ್ರಿ. ನಾಲ್ಕು ಕಟ್ಟು, ಎರಡು ಬಿಡಿ. ಏಳು ತೆಗಿಯಾಕ ಎರಡರಾಗ ಆಗಂಗಿಲ್ಲ. ಅಲ್ಲೇ ಆಕಿ ಕೈಯಿಂದ ಒಂದು ಕಟ್ಟು ಬಿಚ್ಚಸ್ರಿ. ಈಗ ಮೂರು ಕಟ್ಟು, ಹನ್ನೆರಡು ಬಿಡಿ. ಆ ರಬ್ಬರ್ ಬ್ಯಾಂಡ್ ಬಿಚ್ಚೋದೇ "ಪಕ್ಕದ ಮನೆಯಿಂದ ಸಾಲ" ಅನ್ನೋದರ ಪೂರಾ ಅರ್ಥ. ನೀವು ಬಿಚ್ಚಿ ಕೊಟ್ರೆ ಆಗಂಗಿಲ್ಲ. ಹಾಳಿ ಮ್ಯಾಲೆ 42ರ ನಾಲ್ಕು ಹೊಡೆದು ಮೂರು ಮಾಡೋದು ಇದಾದ ಮ್ಯಾಲೆ, ಅದೂ ಮೊದಲು ಕಡ್ಡಿ ಪಕ್ಕದಾಗೇ ಇಟ್ಕೊಂಡು. ಕಡ್ಡಿ ಲಗೂನ ಎತ್ತಿಟ್ಟುಬಿಡ್ತಾರ, ಹೆಚ್ಚಿನ ಕಡೆ ಎಡವಟ್ಟಾಗೋದು ಅಲ್ಲೇ.

ಮಗನಿಗೆ ಮಗ್ಗಿ ಬಾಯಿಪಾಠ ಆಗ್ತಿಲ್ಲ ಅಂದ್ರ ಬೈಬ್ಯಾಡ್ರಿ. ಡಿಸ್ಲೆಕ್ಸಿಯಾ ಇರೋ ಬಹಳ ಮಕ್ಕಳಿಗೆ ಲೆಕ್ಕ ತಿಳಿತೈತಿ, ಮಗ್ಗಿ ಸಾಲಾಗಿ ನೆನಪಿರಂಗಿಲ್ಲ. 2, 5, 10 ಗಟ್ಟಿ ಮಾಡಸ್ರಿ, ಉಳಿದದ್ದು ಅದರಿಂದ ಹುಟ್ಟಿಸಲಿ. ಏಳೆಂಟ್ಲಿ ಬೇಕಾದ್ರ ಏಳು ನಾಲ್ಕ್ಲಿ 28, ಅದರ ಎರಡರಷ್ಟು 56. ಭಾಗಾಕಾರ ಕಲಿಸೋವಾಗ ಮಗ್ಗಿ ಚಾರ್ಟ್ ಮುಂದ ಇಡ್ರಿ. ಅವತ್ತಿನ ಪಾಠ ಭಾಗಾಕಾರ, ಮಗ್ಗಿ ಪರೀಕ್ಷೆ ಅಲ್ಲ. ವಾಕ್ಯದ ಲೆಕ್ಕ ನೀವೇ ಓದಿ ಹೇಳ್ರಿ, ಓದಾಕ ಬರದೇ ತಪ್ಪಾದದ್ದನ್ನ ಲೆಕ್ಕ ಬರಂಗಿಲ್ಲ ಅಂತ ಬರಕೋಬಾರದು.

ಇಬ್ಬರಿಗೂ ಕೂಡಿ ಒಂದು ಲೆಕ್ಕ: ವಾಣಿವಿಲಾಸ ಸಾಗರ 1933ರಾಗ ತುಂಬಿ ಕೋಡಿ ಬಿದ್ದಿತ್ತು, ಮತ್ತ ಬಿದ್ದದ್ದು 2022ಕ್ಕ. ಎಷ್ಟು ವರ್ಷ? ನೆಲದ ಮ್ಯಾಲೆ ಬಳಪದಾಗ ಉದ್ದ ಗೆರೆ ಹಾಕ್ರಿ. ಮಗಳು ಗೆರೆ ಮ್ಯಾಲೆ ಜಿಗೀಲಿ, ಮಗ ಬಾಯಾಗ ಹೇಳಲಿ. 1933ರಿಂದ 1940ಕ್ಕ ಏಳು, 1940ರಿಂದ 2000ಕ್ಕ ಅರವತ್ತು, ಅಲ್ಲಿಂದ ಇಪ್ಪತ್ತೆರಡು. ಒಟ್ಟು 89. ಕಟ್ಟು ಬಿಚ್ಚೋದು ಬ್ಯಾಡ, ಸಾಲ ಬ್ಯಾಡ. ಇಂಥಾ ಮಕ್ಕಳಿಗೆ ಈ ಜಿಗಿಯೋ ದಾರಿ ಅಂಕಿ ಕೆಳಗ ಅಂಕಿ ಬರೆಯೋದಕ್ಕಿಂತ ತಪ್ಪು ಕಡಿಮಿ.

ಚೌಕುಳಿ ಹಾಳಿ ತಂದುಕೊಡ್ರಿ ಇಬ್ಬರಿಗೂ, ಒಂದು ಮನಿಗೆ ಒಂದೇ ಅಂಕಿ.

ವಿದ್ಯಾನಗರ_ಅಮ್ಮ:

ಇಷ್ಟು ವಿವರ ಸಿಗುತ್ತದೆ ಎಂದುಕೊಂಡಿರಲಿಲ್ಲ, ಎಲ್ಲರಿಗೂ ಧನ್ಯವಾದ. ಮೂರು ಅನುಮಾನ. ಮುಕ್ಕಾಲು ಗಂಟೆಯ ಜಂಟಿ ಪಾಠ ನಿಜಕ್ಕೂ ಹೇಗಿರುತ್ತದೆ, ಒಂದು ಉದಾಹರಣೆ ಕೊಡಬಹುದಾ? ಮಗ ಇಂಗ್ಲಿಷ್ ಮೀಡಿಯಂನಲ್ಲಿದ್ದವನು, ಇಂಗ್ಲಿಷ್ ಬಿಟ್ಟುಬಿಡಬೇಕಾ? ಮತ್ತೆ, ಸರ್ಕಾರಿ ಪಠ್ಯಪುಸ್ತಕದ ಪಿಡಿಎಫ್ ಇಳಿಸಿಕೊಂಡೆ, ಫೋನಿನಲ್ಲಿ ಓದಿಸಲು ಹೋದರೆ ಏನೇನೋ ಇಂಗ್ಲಿಷ್ ಅಕ್ಷರ ಓದುತ್ತದೆ.

ಕೆಟಿಜೆ_ನಗರ_ರೀಡರ್:

ಪಿಡಿಎಫ್ ತೊಂದರೆ ನಿಮ್ಮ ಫೋನಿನದ್ದಲ್ಲ. ಹಳೆಯ ಕನ್ನಡ ಫಾಂಟ್‌ಗಳಲ್ಲಿ ಟೈಪ್ ಆದ ಪುಟ ಕಣ್ಣಿಗೆ ಕನ್ನಡ, ಒಳಗೆ ಇರುವುದು ಇಂಗ್ಲಿಷ್ ಕೀಲಿಯ ಅಕ್ಷರ. ಯೂನಿಕೋಡ್ (ಎಲ್ಲ ಭಾಷೆಯ ಅಕ್ಷರವನ್ನೂ ಕಂಪ್ಯೂಟರ್ ಗುರುತಿಸುವ ಸಾಮಾನ್ಯ ಸಂಕೇತ) ಅಲ್ಲದ ಕಾರಣ ಓದುವ ಆ್ಯಪ್‌ಗೆ ಅರ್ಥವಾಗುವುದಿಲ್ಲ. ಪುಟದ ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ಗೆ ಕೊಡಿ, ಅದು ಚಿತ್ರದಿಂದ ಅಕ್ಷರ ಹೆಕ್ಕುತ್ತದೆ. ಅಲ್ಲೇ ಓದಿಸಬಹುದು, ಇಲ್ಲವೇ ನಕಲು ಮಾಡಿ ಬೇರೆ ಕಡೆ ಅಂಟಿಸಿ ಓದಿಸಬಹುದು. ಫೋನಿನ ಟೆಕ್ಸ್ಟ್ ಟು ಸ್ಪೀಚ್ ಸೆಟ್ಟಿಂಗ್‌ನಲ್ಲಿ ಕನ್ನಡ ಧ್ವನಿ ಇಳಿಸಿಕೊಂಡು ವೇಗ ಸ್ವಲ್ಪ ತಗ್ಗಿಸಿ. ಒತ್ತಕ್ಷರ ಅಲ್ಲಲ್ಲಿ ತಪ್ಪಾಗಿ ಹೆಕ್ಕುತ್ತದೆ, ಮಗನಿಗೆ ಕೊಡುವ ಮುಂಚೆ ಒಮ್ಮೆ ಕಣ್ಣು ಹಾಯಿಸಿ. ಪಠ್ಯದಲ್ಲಿರುವ ಕ್ಯೂಆರ್ ಕೋಡ್ ದೀಕ್ಷಾ ಆ್ಯಪ್‌ನಲ್ಲಿ ತೆರೆಯುತ್ತದೆ, ಪಾಠಕ್ಕೆ ತಕ್ಕ ವಿಡಿಯೋ ಇದ್ದರೆ ಅಲ್ಲಿ ಸಿಗುತ್ತದೆ. ಓದಿಗೆ ಮಟ್ಟ ವಿಂಗಡಿಸಿದ ಕನ್ನಡ ಕತೆಗಳು ಸ್ಟೋರಿವೀವರ್ ಜಾಲತಾಣದಲ್ಲಿ ಉಚಿತ, ಯೂನಿಕೋಡ್‌ನಲ್ಲೇ ಇವೆ.

ಇಂಗ್ಲಿಷ್ ಬಗ್ಗೆ ನನ್ನ ಅಭಿಪ್ರಾಯ: ಕನ್ನಡ ಒತ್ತಕ್ಷರ ದಾಟುವವರೆಗೆ ಇಂಗ್ಲಿಷ್ ಓದು ಪೂರ್ತಿ ನಿಲ್ಲಿಸಿ, ಮಾತು ಮಾತ್ರ ಇರಲಿ.

ದುರ್ಗದ_ಟೀಚರ್:

ಪೂರ್ತಿ ನಿಲ್ಲಿಸುವುದಕ್ಕೆ ನನ್ನ ಒಪ್ಪಿಗೆ ಇಲ್ಲ ಸರ್. ಐದು ವರ್ಷ ಇಂಗ್ಲಿಷ್ ಮೀಡಿಯಂನಲ್ಲಿ ಕೂತ ಹುಡುಗ, ಅಕ್ಷರ ಆಗಲೇ ನೋಡಿದ್ದಾನೆ. ಬಿಟ್ಟರೆ ಇದ್ದದ್ದೂ ಜಾರುತ್ತದೆ. ಕನ್ನಡ ಬೆಳಗ್ಗೆ, ಇಂಗ್ಲಿಷ್ ಸಂಜೆ ಹತ್ತು ನಿಮಿಷ ಇಡಿ. ಒಂದೇ ದಿನ ಎರಡರಲ್ಲೂ ಹೊಸ ಅಕ್ಷರ ಬೇಡ. ಎ, ಬಿ, ಸಿ ಎಂಬ ಹೆಸರಿನ ಬದಲು ಅಕ್ಷರದ ಸದ್ದು ಕಲಿಸಿ. ಕನ್ನಡದ ಮಕ್ಕಳಿಗೆ ಇಲ್ಲಿ ಒಂದು ವಿಶೇಷ ತೊಡಕಿದೆ: ನಮ್ಮ "ಬ"ದೊಳಗೆ "ಅ" ಸೇರಿಯೇ ಇರುತ್ತದೆ, ಹಾಗಾಗಿ "ಬ್ಯಾಟ್" ಓದುವಾಗ "ಬ-ಆ-ಟ" ಎಂದು ಮೂರು ತುಂಡಾಗಿ ನಿಲ್ಲುತ್ತಾರೆ, ಕೂಡುವುದಿಲ್ಲ. ವ್ಯಂಜನವನ್ನು ಅರ್ಧಕ್ಕೆ ಕತ್ತರಿಸಿ ಹೇಳುವ ಅಭ್ಯಾಸ ಬಾಯಲ್ಲೇ ಮೊದಲು ಆಗಬೇಕು. ಸಣ್ಣ ಬಿ, ಡಿ ಎರಡನ್ನೂ ಒಟ್ಟಿಗೆ ಕಲಿಸಬೇಡಿ. ಒಂದು ಗಟ್ಟಿಯಾಗಿ ಎರಡು ವಾರ ಕಳೆಯಲಿ.

ಜಂಟಿ ಪಾಠಕ್ಕೆ ದಾವಣಗೆರೆಯವರಿಗೆ ಮಂಡಕ್ಕಿಗಿಂತ ಒಳ್ಳೆಯ ವಿಷಯ ಬೇಕೇ? ಮೊದಲ ದಿನ: ಅಡುಗೆಮನೆ ತಕ್ಕಡಿಯಲ್ಲಿ 50 ಗ್ರಾಂ ಅಕ್ಕಿ, 50 ಗ್ರಾಂ ಮಂಡಕ್ಕಿ ತೂಗಿ, ಒಂದೇ ಲೋಟದಲ್ಲಿ ಎರಡನ್ನೂ ಅಳೆಯಲಿ. ತೂಕ ಒಂದೇ, ಲೋಟ ಬೇರೆ, ಏಕೆ? ಎರಡನೇ ದಿನ ಭಟ್ಟಿ ನೋಡಿ ಬನ್ನಿ, ಬಿಸಿ ಮರಳಿನಿಂದ ಮಕ್ಕಳನ್ನು ದೂರವೇ ನಿಲ್ಲಿಸಿ. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿ, ಉಪ್ಪು ನೀರು ಹಿಡಿಸಿ, ಕಾದ ಮರಳಿಗೆ ಹಾಕುವುದು. ಕಾಳಿನೊಳಗಿನ ನೀರಿನಂಶ ಒಮ್ಮೆಲೇ ಆವಿಯಾಗಿ ಉಬ್ಬಿಸುತ್ತದೆ. ಮೂರನೇ ದಿನ ಮನೆಯಲ್ಲಿ ಪಾಪ್‌ಕಾರ್ನ್ ಜೋಳ ಒಂದು ಹಿಡಿ, ನಮ್ಮ ಹೊಲದ ಮೆಕ್ಕೆಜೋಳ ಒಂದು ಹಿಡಿ, ಬೇರೆ ಬೇರೆ ಹುರಿದು ನೋಡಿ. ಹೊಲದ್ದು ಪಾಪ್‌ಕಾರ್ನ್‌ನಂತೆ ಅರಳುವುದಿಲ್ಲ, ಅದರ ಸಿಪ್ಪೆ ಆವಿಯನ್ನು ಅಷ್ಟು ಹೊತ್ತು ಹಿಡಿದಿಡುವುದಿಲ್ಲ. ಇದನ್ನು ನೀವು ಹೇಳಬೇಡಿ, ಮಗ ಊಹೆ ಕಟ್ಟಲಿ.

ಕೇಳುವುದು, ನೋಡುವುದು ಇಬ್ಬರಿಗೂ ಒಂದೇ. ಒಪ್ಪಿಸುವುದು ಮಾತ್ರ ಬೇರೆ. ಮಗ ಫೋನಿನಲ್ಲಿ ಎರಡು ನಿಮಿಷ ಮಾತಾಡಿ ರೆಕಾರ್ಡ್ ಮಾಡಲಿ, ಚಿತ್ರ ಬರೆದು ಐದು ಹೆಸರು ಗುರುತಿಸಲಿ. ಮಗಳು ಬೋರ್ಡಿನ ಮೇಲೆ ಮೂರು ವಾಕ್ಯ ಬರೆಯಲಿ, ತೂಗುವುದು, ತರುವುದು, ಓಡಾಡುವ ಕೆಲಸವೆಲ್ಲ ಅವಳದ್ದೇ. ಒಬ್ಬರದ್ದನ್ನು ಇನ್ನೊಬ್ಬರ ಪಕ್ಕ ಇಟ್ಟು "ನೋಡು, ತಂಗಿ ಎಷ್ಟು ಬರೆದಿದ್ದಾಳೆ" ಎನ್ನುವ ಮಾತು ಮನೆಗೆ ಬರುವ ಅಜ್ಜಿ-ಮಾವಂದಿರ ಬಾಯಿಂದಲೂ ಬರದಂತೆ ಮೊದಲೇ ಹೇಳಿಡಿ.

ಕಡತ_ಮುಖ್ಯ:

ಕಾಗದದ ವಿಷಯ ಯಾರೂ ಮುಟ್ಟಿಲ್ಲ.

2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದವರಿಗೆ ಅನ್ವಯ. ಮಗುವನ್ನು ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಎಂದು 10ನೇ ಸೆಕ್ಷನ್ ಹೇಳುತ್ತದೆ, ಸೇರಿಸದಿದ್ದರೆ ಶಿಕ್ಷೆ ಎಂದು ಆ ಕಾಯ್ದೆಯಲ್ಲಿಲ್ಲ. ಮನೆಪಾಠಕ್ಕೆ ಪ್ರತ್ಯೇಕ ನೋಂದಣಿಯೂ ಇಲ್ಲ. ಹೀಗಾಗಿ ಶಾಲೆ ಬಿಟ್ಟ ಮಕ್ಕಳ ಪಟ್ಟಿ ಹಿಡಿದು ಸಿಆರ್‌ಪಿ (ಶಿಕ್ಷಣ ಇಲಾಖೆಯ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಮನೆಗೆ ಬಂದರೆ ಗಾಬರಿ ಬೇಡ, ಜಗಳವೂ ಬೇಡ. ಟಿಸಿ, ಎಸ್‌ಎಟಿಎಸ್ ಸಂಖ್ಯೆ (ಇಲಾಖೆಯ ದಾಖಲೆಯಲ್ಲಿ ಪ್ರತಿ ವಿದ್ಯಾರ್ಥಿಗೆ ಇರುವ ಸಂಖ್ಯೆ), ರಿಪೋರ್ಟ್‌ಗಳು, ತಿಂಗಳವಾರು ಕೆಲಸದ ಫೈಲ್ ತೋರಿಸಿ. ಮನಸ್ಸು ಬದಲಾದರೆ ವಯಸ್ಸಿಗೆ ತಕ್ಕ ತರಗತಿಗೆ ಮತ್ತೆ ಸೇರಿಸಲು 4ನೇ ಸೆಕ್ಷನ್ ಅವಕಾಶ ಕೊಡುತ್ತದೆ.

ಮಗನ ಸೈಕಾಲಜಿಸ್ಟ್ ರಿಪೋರ್ಟ್ ಪ್ರಮಾಣಪತ್ರ ಅಲ್ಲ. ಇದನ್ನು ಬಹಳ ಜನ ಹತ್ತನೇ ಕ್ಲಾಸ್ ಹತ್ತಿರ ಬಂದಾಗ ತಿಳಿಯುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆ ಸೇರಿದೆ. ಯುಡಿಐಡಿ (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ) ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಅಧಿಕೃತ ವೈದ್ಯಕೀಯ ಪ್ರಾಧಿಕಾರದಿಂದ ಪ್ರಮಾಣಪತ್ರ ಪಡೆಯಬೇಕು. ಬುದ್ಧಿಮಟ್ಟದ ಪರೀಕ್ಷೆಯ ಜೊತೆ ಕಲಿಕೆಯ ಪರೀಕ್ಷೆಗೆ ಸಾಮಾನ್ಯವಾಗಿ ನಿಮ್ಹಾನ್ಸ್ ಬ್ಯಾಟರಿ, ಅಂದರೆ ನಿಮ್ಹಾನ್ಸ್ ರೂಪಿಸಿದ ಪರೀಕ್ಷೆಗಳ ಗುಂಪು, ಬಳಸುತ್ತಾರೆ. 2018ರ ಮಾರ್ಗಸೂಚಿಯಲ್ಲಿ ಎಂಟು ವರ್ಷದ ನಂತರ ಮೊದಲ ಪ್ರಮಾಣಪತ್ರ, 14ಕ್ಕೆ ಮತ್ತು 18ಕ್ಕೆ ಮತ್ತೆ ಪರೀಕ್ಷೆ ಎಂದಿತ್ತು. ಮಗಳ ಎಡಿಎಚ್‌ಡಿ ಆ 21ರ ಪಟ್ಟಿಯಲ್ಲಿ ಪ್ರತ್ಯೇಕವಾಗಿ ಇಲ್ಲ, ಅದೊಂದರ ಆಧಾರದ ಮೇಲೆ ಯುಡಿಐಡಿ ನಿರೀಕ್ಷಿಸಬೇಡಿ. ಡಾಕ್ಟರ್ ಚೀಟಿಗಳನ್ನಂತೂ ತಾರೀಖಿನ ಪ್ರಕಾರ ಇಡಿ.

ದಾವಣಗೆರೆಯಲ್ಲೇ ಕೇಂದ್ರ ಸರ್ಕಾರದ ಸಿಆರ್‌ಸಿ, ಅಂದರೆ ಅಂಗವಿಕಲರ ಸಂಯುಕ್ತ ಪ್ರಾದೇಶಿಕ ಕೇಂದ್ರ ಇದೆ, ಮೊದಲು ಅಲ್ಲಿ ವಿಚಾರಿಸಿ. ಬಿಆರ್‌ಸಿ (ಶಿಕ್ಷಣ ಇಲಾಖೆಯ ಬ್ಲಾಕ್ ಸಂಪನ್ಮೂಲ ಕೇಂದ್ರ) ಕಚೇರಿಯಲ್ಲಿ ವಿಶೇಷ ಅಗತ್ಯದ ಮಕ್ಕಳಿಗಾಗಿ ಬಿಐಇಆರ್‌ಟಿ ಶಿಕ್ಷಕರಿರುತ್ತಾರೆ, ಅವರನ್ನೂ ಭೇಟಿಯಾಗಿ. ಸರ್ಕಾರದ ಗೃಹಾಧಾರಿತ ಶಿಕ್ಷಣ ಎಂಬುದು ತೀವ್ರ ಅಥವಾ ಬಹುವಿಧ ನ್ಯೂನತೆ ಇರುವ ಮಕ್ಕಳಿಗೆ, ನಿಮ್ಮಿಬ್ಬರು ಮಕ್ಕಳೂ ಅದರಲ್ಲಿ ಬರುವುದಿಲ್ಲ. ಹೆಸರು ಕೇಳಿ ಗೊಂದಲ ಮಾಡಿಕೊಳ್ಳಬೇಡಿ.

ಹತ್ತನೇ ತರಗತಿಗೆ ಎರಡು ದಾರಿ. ಒಂದು ಎನ್‌ಐಒಎಸ್ (ಕೇಂದ್ರದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ): 14 ವರ್ಷ ತುಂಬಿರಬೇಕು, ಐದು ವಿಷಯ, ಅದರಲ್ಲಿ ಒಂದಾದರೂ ಭಾಷೆ, ಪಾಸಾಗಲು 33. ಗಣಿತ, ವಿಜ್ಞಾನ ಕಡ್ಡಾಯವಲ್ಲ. ಐದು ವರ್ಷದೊಳಗೆ ಒಂಬತ್ತು ಅವಕಾಶ, ಒಂದೊಂದೇ ವಿಷಯ ಕಟ್ಟಿ ಮುಗಿಸಬಹುದು. ಓದು ನಿಧಾನ ಇರುವ ಮಗುವಿಗೆ ಇದೇ ಅನುಕೂಲ. ಇನ್ನೊಂದು ಎಸ್‌ಎಸ್‌ಎಲ್‌ಸಿ ಖಾಸಗಿ ಅಭ್ಯರ್ಥಿ: 15 ವರ್ಷ ತುಂಬಿರಬೇಕು. ಮುಂದೆ ಪಾಲಿಟೆಕ್ನಿಕ್ ಆಸೆ ಇದ್ದರೆ ಸುಲಭವಾಗುತ್ತದೆಂದು ಗಣಿತ, ವಿಜ್ಞಾನ ಬಿಡಿಸಬೇಡಿ, ಡಿಪ್ಲೊಮಾ ಪ್ರವೇಶಕ್ಕೆ ಎರಡೂ ಬೇಕು. ನಿಮ್ಮ ಮಗ ಲೆಕ್ಕದಲ್ಲಿ ಚುರುಕು ಎಂದಿದ್ದೀರಿ, ಅದಕ್ಕೇ ಹೇಳಿದೆ.

ಹೆಚ್ಚುವರಿ ಸಮಯ ಕೇಂದ್ರದ ಮಾರ್ಗಸೂಚಿಯಂತೆ ಗಂಟೆಗೆ ಕನಿಷ್ಠ 20 ನಿಮಿಷ, ಜೊತೆಗೆ ಬರೆದುಕೊಡುವವರ ಸೌಲಭ್ಯ. ಪರೀಕ್ಷೆಯ ದಿನ ಕೇಳಿದರೆ ಸಿಗುವುದಿಲ್ಲ, ನೋಂದಣಿಯ ಹೊತ್ತಿಗೇ ಪ್ರಮಾಣಪತ್ರ ಲಗತ್ತಿಸಬೇಕು. ಬಾಯಲ್ಲಿ ಹೇಳಿ ಇನ್ನೊಬ್ಬರಿಂದ ಬರೆಸುವುದೂ ಅಭ್ಯಾಸ ಬೇಡುತ್ತದೆ. ಉತ್ತರವನ್ನು ಮನಸ್ಸಿನಲ್ಲಿ ಕಟ್ಟಿ, ಪೂರ್ಣವಿರಾಮ ಸಹಿತ ನಿಧಾನ ಹೇಳಲು ಹನ್ನೆರಡನೇ ವಯಸ್ಸಿನಿಂದಲೇ ವಾರಕ್ಕೊಮ್ಮೆ ಮಾಡಿಸಿ.

ವಿದ್ಯಾನಗರ_ಅಮ್ಮ:

ಕಡತ ಸರ್, ತಿಂಗಳವಾರು ಫೈಲಿನಲ್ಲಿ ಏನೇನು ಇರಬೇಕು? ಎಲ್ಲವನ್ನೂ ಇಟ್ಟರೆ ಬೀರು ತುಂಬುತ್ತದೆ.

ದುರ್ಗದ_ಟೀಚರ್:

ಅವರ ಬದಲು ನಾನೇ ಹೇಳುತ್ತೇನೆ. ತಿಂಗಳಿಗೆ ಒಬ್ಬರಿಗೆ ನಾಲ್ಕು ಹಾಳೆ ಸಾಕು. ಮಗನದ್ದು ತಿಂಗಳ ಮೊದಲ ವಾರದ ಉಕ್ತಲೇಖನ ಒಂದು, ಕೊನೆಯ ವಾರದ್ದು ಒಂದು, ಓದಿನ ವೇಗದ ಗ್ರಾಫ್, ಲೆಕ್ಕದ ಒಂದು ಪುಟ. ಓದಿದ್ದನ್ನು ತಿಂಗಳಿಗೊಮ್ಮೆ ಒಂದು ನಿಮಿಷ ರೆಕಾರ್ಡ್ ಮಾಡಿ ತಾರೀಖು ಹಾಕಿಡಿ. ಮಗಳದ್ದು ಬರವಣಿಗೆಯ ಎರಡು ಮಾದರಿ, ಟೈಮರ್ ಎಷ್ಟು ನಿಮಿಷಕ್ಕೆ ಬಂದಿದೆ ಎಂಬ ಚೀಟಿ, ಲೆಕ್ಕದ ಒಂದು ಪುಟ. ತಪ್ಪು ಇರುವ ಹಾಳೆಯನ್ನೇ ಇಡಿ, ತಿದ್ದಿ ನಕಲು ಬರೆಸಿದ್ದನ್ನು ಇಡಬೇಡಿ. ಮರುಪರೀಕ್ಷೆಗೆ ಹೋದಾಗ ಸೈಕಾಲಜಿಸ್ಟ್‌ಗೆ ಬೇಕಾಗುವುದು ಆ ತಪ್ಪುಗಳೇ.

ಎಂಟು ವಾರ ದಿನಾ ಎರಡು ಹೊತ್ತು ಓದಿಸಿಯೂ ಗ್ರಾಫ್ ಅಲುಗಾಡದಿದ್ದರೆ ಹೊತ್ತು ಹೆಚ್ಚಿಸಬೇಡಿ. ಗದ್ಯ ಒಂದು ಮಟ್ಟ ಇಳಿಸಿ, ಹೊಸ ಚೀಟಿ ಮೂರರ ಬದಲು ಒಂದು ಮಾಡಿ ಇನ್ನೆರಡು ವಾರ ನೋಡಿ. ಆಗಲೂ ಹಾಗೇ ಇದ್ದರೆ ಆ ಹಾಳೆಗಳನ್ನು ತೆಗೆದುಕೊಂಡು ಸ್ಪೆಷಲ್ ಎಜುಕೇಟರ್ ಹತ್ತಿರ ಹೋಗಿ.